ಶೇಷಮ್ಮನವರ ಸಂದರ್ಶನ

ಎಂ.ಫಿಲ್. ಸೇರಿದ ಹೊಸದರಲ್ಲಿ ಜೋಗುಳಗಳನ್ನು ಸಂಗ್ರಹಿಸಲು, ಎರವಲು ತಂದ ಟೇಪ್ ರೆಕಾರ್ಡರ್ ಹೊತ್ತು ಹಳೆಯ ಹಾಡುಗಳನ್ನು ಬಲ್ಲ ಮಲ್ಲೇಶ್ವರದ ಶೇಷಮ್ಮನವರ ಮನೆಗೆ ಹೋದೆ. ಅದು ನನ್ನ ಮೊದಲ ಸಂದರ್ಶನ. ಗುಂಡಿ ಒತ್ತಿ ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಕೋಡುಬಳೆ ತಟ್ಟೆ ಮುಂದಿಟ್ಟು, “ಯಾವೂರಮ್ಮಾ ನಿಮ್ದು? ನಿಮ್ಮಮ್ಮ ಏನು ಹಾಡಿ ಮಲಗಿಸ್ತಿದ್ರು?” ಎಂದು ಕೇಳಿದರು.

ಉತ್ಸಾಹದಲ್ಲಿ ಹಾಡಿಯೇಬಿಟ್ಟೆ.

“ಚೆನ್ನಾಗಿದೆ. ಇನ್ನೊಂದು ಹೇಳು.”

ಮತ್ತೂ ಹಾಡಿದೆ.

ಮರುದಿನ ನನ್ನ ಗೈಡ್ ಮೇಷ್ಟ್ರ ಮುಂದೆ ಕ್ಯಾಸೆಟ್ ಹಾಕಿದರೆ ಪ್ರಶ್ನೆಗಳೆಲ್ಲ ಅಜ್ಜಿಯವು, ಹಾಡೆಲ್ಲ ನನ್ನದೇ ದನಿ. ಕೆಲಸ ಕೆಟ್ಟಿತೆಂದು ತಲೆ ತಗ್ಗಿಸಿ ಕೂತೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಇವನ್ನ ನಾನು ಎಲ್ಲೂ ಓದಿಲ್ಲ ಕಣಮ್ಮ. ಮೊದಲ ಅಧ್ಯಾಯಕ್ಕೆ ಇದನ್ನೇ ಬರಿ.”

ಖುಷಿಗೆ ಮೆಟ್ಟಿಲುಗಳನ್ನು ಹಾರಿಕೊಂಡೇ ಇಳಿದೆ. ಪ್ರಬಂಧದಲ್ಲಿ ಹಾಡಿದವಳು ನಾನು. ಸಂದರ್ಶಕರ ಹೆಸರಿನ ಜಾಗದಲ್ಲಿ ಶೇಷಮ್ಮ ಎಂದೇ ಬರೆಯಬೇಕಾಯಿತು.