ಅನಸೇನಿ ಅಕ್ಕ ಬಿಟ್ಟುಕೊಡದ ಹಳೇ ಯಂತ್ರ

ವವಾಉ ದ್ವೀಪದ ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿದಾಗ, ಅಲ್ಲಿ ಆಪರೇಟರ್ ಆಗಿದ್ದ ಅನಸೇನಿ ಅಕ್ಕನಿಗೆ ನಲವತ್ತಾರು ವರ್ಷ. ಇನ್ನು ಮನೆಯಲ್ಲಿ ಕೂತು ಚಾಪೆ ಹೆಣೆ ಎಂದರು ಎಲ್ಲರೂ. ಅವಳೋ, ನಾನು ನರ್ಸಾಗಿದ್ದ ಆಸ್ಪತ್ರೆಯ ದಾಖಲೆ ವಿಭಾಗ ಸೇರಿದಳು. ಕೈಪಿಡಿ ಓದಿಕೊಂಡೇ ಕಂಪ್ಯೂಟರ್ ಕಲಿತಳು.

ಹೊರ ದ್ವೀಪಗಳ ಮಕ್ಕಳ ಲಸಿಕೆಯ ದಾಖಲೆಯೆಲ್ಲ ಒಂದು ಹಳೇ ಪ್ರೋಗ್ರಾಮಿನಲ್ಲಿತ್ತು. ಹೊಸ ಕಂಪ್ಯೂಟರಿನಲ್ಲಿ ಅದು ಓಡುತ್ತಿರಲಿಲ್ಲ. ಹಾಗಾಗಿ ಹೊಸದರೊಳಗೇ ಹಳೆಯ ಕಂಪ್ಯೂಟರನ್ನು ಫೈಲುಗಳಾಗಿ ಇಟ್ಟು ನಡೆಸುತ್ತಿದ್ದೆವು. ವರ್ಚುವಲ್ ಮಶೀನು ಅನ್ನುತ್ತಾರಲ್ಲ, ಅದು.

ಒಂದು ಶುಕ್ರವಾರ ಕರೆಂಟು ಹೋಗಿ ಬಂದ ಮೇಲೆ ಆ ಮಶೀನು ತೆರೆಯಲೇ ಇಲ್ಲ. ರಾಜಧಾನಿಯಿಂದ ಬಂದಿದ್ದ ಕಂಪ್ಯೂಟರ್ ಅಧಿಕಾರಿ ತೆವಿತಾ, ಡಿಸ್ಕ್ ತುಂಬಿದೆಯೆಂದು ಒಂದಷ್ಟು ಫೈಲು ಬೇರೆಡೆಗೆ ಸಾಗಿಸಿ ನೋಡಿ, ಕೈಚೆಲ್ಲಿದ.

"ಸತ್ತೋಯ್ತು ಅಕ್ಕಾ. ಅಳಿಸಿಬಿಡ್ತೀನಿ. ಸೋಮವಾರದಿಂದ ಹೊಸದು."

"ಮಕ್ಕಳ ಲೆಕ್ಕ?"

"ಎಲ್ರಿಗೂ ಇನ್ನೊಂದ್ಸಲ ಸೂಜಿ ಚುಚ್ಚಿದ್ರಾಯ್ತು."

"ಮೊದ್ಲು ನಿನ್ ತೊಡೆಗೆ ಚುಚ್ತೀನಿ, ಬಾ. ಅದನ್ನ ಮುಟ್ಟಿದ್ಯೋ ನೋಡು!"

"ನಂಗೇ ಆಗಿಲ್ಲ, ನಿಮಗಾಗುತ್ತಾ?"

"ಆಗುತ್ತೋ ಇಲ್ವೋ, ನಾಳೆ ಬಂದು ನೋಡು."

ಶನಿವಾರ ಬೆಳಿಗ್ಗೆ ಅವಳು ಮೊದಲು ಫೈಲುಗಳನ್ನೆಲ್ಲ ನಕಲು ಮಾಡಿಟ್ಟಳು. ಆಮೇಲೆ ಮಶೀನು ತಾನೇ ಬರೆದುಕೊಳ್ಳುವ ದಿನಚರಿಯನ್ನು ಸಾಲುಸಾಲಾಗಿ ಓದಿದಳು. ಬೇಯಿಸಿದ ಗೆಣಸು ತಂದುಕೊಟ್ಟೆ, ತಿರುಗಿ ನೋಡಲಿಲ್ಲ. ಹನ್ನೊಂದರ ಹೊತ್ತಿಗೆ ಮೇಜು ಗುದ್ದಿದಳು. ಮಶೀನು ಹುಡುಕುತ್ತಿದ್ದ ಮೂಲ ಫೈಲನ್ನು ತೆವಿತಾನೇ ಹೆಸರು ಬದಲಿಸಿ ಬೇರೆ ಡಿಸ್ಕಿಗೆ ಹಾಕಿದ್ದ! ಹಳೇ ಜಾಗದಲ್ಲಿ ಹಳೇ ಹೆಸರಿನಲ್ಲೇ ಇಟ್ಟಳು. ಆದರೂ ತೆರೆಯಲಿಲ್ಲ. ಈಗ, ಬೇರೆ ಯಾರೋ ಬಳಸುತ್ತಿದ್ದಾರೆ ಎಂದಿತು.

"ಯಾರಿದ್ದಾರೆ ಇಲ್ಲಿ, ದೆವ್ವವಾ?" ಎಂದು ಬೈಯುತ್ತಲೇ ಮತ್ತೆ ಓದಿದಳು. ತೆರೆದಿರುವಾಗ ಇನ್ನೊಬ್ಬರು ಮುಟ್ಟದಂತೆ ಮಶೀನು ಹಾಕಿಕೊಳ್ಳುವ ಬೀಗ, ಕರೆಂಟು ಹಠಾತ್ತನೆ ಹೋದದ್ದರಿಂದ ಹಾಗೇ ಉಳಿದಿತ್ತು. ಬೀಗದ ಆ ಪುಟ್ಟ ಫೈಲನ್ನು ಅಳಿಸಿದಳು.

ಹಳೇ ಪ್ರೋಗ್ರಾಮಿನ ನೀಲಿ ಪರದೆ ತೆರೆಯಿತು. ಮಕ್ಕಳ ಹೆಸರುಗಳು ಸಾಲಾಗಿ ಬಂದವು. ಶುಕ್ರವಾರ ಬರೆದದ್ದಷ್ಟೇ ಹೋಗಿತ್ತು. ನನ್ನ ಕಣ್ಣು ತುಂಬಿತು. ಅವಳು ಮಾತ್ರ ಗೆಣಸು ಎಲ್ಲಿ ಎಂದು ಕೇಳಿದಳು.

ತೆವಿತಾ ವರದಿ ಬರೆದು, ದಾಖಲೆ ವಿಭಾಗದ ಪರವಾಗಿ ಅಕ್ಕನ ಸಹಿಗೆ ತಂದ. 'ತಾಂತ್ರಿಕ ತಂಡ ಸರಿಪಡಿಸಿತು' ಎಂದಿತ್ತು.

"ತಂಡ ಅಂದ್ರೆ ಯಾರು ತಮ್ಮಾ?"

ಅವನು ವರದಿಯನ್ನು ಹಿಂದಕ್ಕೆ ತೆಗೆದುಕೊಂಡ.

"ಹೆಸರು ಬರಿ. ಫೈಲು ಸಾಗಿಸಿದ್ದು ಯಾರು, ಅದನ್ನೂ ಬರಿ. ಆಮೇಲೆ ಸಹಿ."

ಅವನು ಅಲ್ಲೇ ಕೂತು ಬರೆದ. ಅವಳು ಎರಡು ಸಲ ಓದಿ ಸಹಿ ಹಾಕಿದಳು.