ಮೇಷ್ಟ್ರು ಸಂಜೆ ಮಾತ್ರ ಸಾಯುತ್ತಿದ್ದರು

ಮನೆಮನೆಗೆ ಇಂಟರ್‌ನೆಟ್ ಬರುತ್ತಿದ್ದ ಹೊಸತು. ಅರಸೀಕೆರೆ ಸುತ್ತಮುತ್ತ ಅದರ ರಿಪೇರಿ ಕೆಲಸ ನನ್ನದು. ಬಾಣಾವರದ ಗಣಿತದ ಮೇಷ್ಟ್ರೊಬ್ಬರು ಆನ್‌ಲೈನಿನಲ್ಲಿ ಬಂದೂಕಿನ ಆಟ ಆಡುತ್ತಿದ್ದರು. ಅವರದ್ದು ಒಂದೇ ದೂರು.

“ಸಂಜೆಯಾದರೆ ಎಲ್ಲಾ ನಿಧಾನ ಕಣ್ರೀ. ನಾನು ಗುಂಡು ಹಾರಿಸೋ ಹೊತ್ತಿಗೆ ಸತ್ತೇ ಹೋಗಿರ್ತೀನಿ. ಹೊಡೆಯೋರು ಸೈಬರ್ ಕೆಫೆಯಲ್ಲಿ ಕೂತ ನನ್ನ ಶಿಷ್ಯರೇ. ಬೆಳಿಗ್ಗೆ ಕ್ಲಾಸಲ್ಲಿ ಕಿಸಿಕಿಸಿ ನಗ್ತಾರೆ.”

ನಾನು ಬೆಳಿಗ್ಗೆ ಹೋಗಿ ನೋಡಿದರೆ ಲೈನ್ ಚೆನ್ನಾಗೇ ಇರುತ್ತಿತ್ತು. ವೈರ್ ಬದಲಿಸಿದೆ, ಕಂಬ ಹತ್ತಿದೆ. ಕೊನೆಗೆ, “ಆಟದ ಸರ್ವರ್ ಸಿಂಗಾಪುರದಲ್ಲಿದೆ ಸಾರ್, ದೂರ” ಅಂತ ತಪ್ಪನ್ನು ಸಮುದ್ರದಾಚೆ ಸಾಗಿಸಿದೆ.

“ಬೆಳಿಗ್ಗೆ ಹೊತ್ತು ಸಿಂಗಾಪುರ ಹತ್ತಿರ ಬಂದಿರುತ್ತೇನ್ರೀ?”

ಸರಿ, ಸಂಜೆಯೇ ಹೋದೆ. ಧನುರ್ಮಾಸದ ಚಳಿ. ಮೇಷ್ಟ್ರು ಆಟಕ್ಕೆ ಕೂತರು. ಒಳಗಿಂದ ಅವರ ವಯಸ್ಸಾದ ತಾಯಿ ಟವೆಲ್ ಸುತ್ತಿದ ಪಾತ್ರೆ ತಂದು ಮೆತ್ತಗೆ ಮೋಡೆಮ್ ಮೇಲೆ ಇಟ್ಟರು. ಹೆಪ್ಪು ಹಾಕಿದ ಹಾಲು! ಸ್ವಲ್ಪ ಹೊತ್ತಿಗೇ ಆಟ ನಿಧಾನವಾಯಿತು. ಟವೆಲ್ ಕೆಳಗೆ ಕೈಯಿಟ್ಟೆ, ಮೋಡೆಮ್ ಸುಡುತ್ತಿತ್ತು. ಪಾತ್ರೆ ಇಳಿಸಿ, ಮೋಡೆಮ್ ಆರಿಸಿ, ತಣ್ಣಗಾದ ಮೇಲೆ ಮತ್ತೆ ಹಾಕಿದೆ. ಮೇಷ್ಟ್ರು ಕೂತಲ್ಲೇ ಇಬ್ಬರು ಶಿಷ್ಯರನ್ನು ಉರುಳಿಸಿದರು.

“ಈ ಚಳೀಲಿ ಹಾಲು ಇನ್ನೆಲ್ಲಿ ಹೆಪ್ಪಾಗ್ತೈತಪ್ಪಾ?” ಅಂದರು ಅಜ್ಜಿ. “ನಿಮ್ಮ ಪೆಟ್ಟಿಗೆ ಬಂದ್ಮೇಲೇನೆ ಗಟ್ಟಿ ಮೊಸರು ಕಂಡಿದ್ದು.”

ಮೇಷ್ಟ್ರು ನನ್ನ ಮುಖ ನೋಡಿದರು. ತಾಯಿಗೆ ಎದುರು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮರುದಿನ ಆಫೀಸಿನ ಗುಜರಿಯಿಂದ, ಲೈನ್ ಹಿಡಿಯದ ಹಳೇ ಮೋಡೆಮ್ ತಂದು ಅಡುಗೆಮನೆಯಲ್ಲಿ ಹಾಕಿಕೊಟ್ಟೆ. ಅದು ಬರೀ ಬಿಸಿಯಾಗುತ್ತಿತ್ತು, ಅಷ್ಟೇ.

ಮೇಷ್ಟ್ರ ಮೋಡೆಮ್ ಆಮೇಲೂ ಎಷ್ಟೋ ಸಲ ಕೆಟ್ಟಿತು. ಅಜ್ಜಿಯ ಮೋಡೆಮ್ ಬಗ್ಗೆ ಇವತ್ತಿನವರೆಗೂ ಒಂದೂ ಕಂಪ್ಲೇಂಟ್ ಬಂದಿಲ್ಲ.