ಒಡಪಿಗೆ ಬರೆದ ರಿಪೋರ್ಟು

ಮನೋವೈದ್ಯೆಯಾಗಿ ನಾನು ಕೋರ್ಟಿಗೆ ಬರೆದುಕೊಟ್ಟ ರಿಪೋರ್ಟುಗಳನ್ನು ಒಟ್ಟಿದರೆ ಒಂದು ಕಪಾಟು ತುಂಬೀತು. ಯಾರಾದರೂ ಓದಲು ಕೂತರೆ ನಿದ್ದೆ ಗ್ಯಾರಂಟಿ. ಒಂದನ್ನು ನೆನೆದರೆ ಮಾತ್ರ ನನಗೆ ಇವತ್ತಿಗೂ ನಗು ಉಕ್ಕಿ ಬರುತ್ತದೆ.

ಹೈದರಾಬಾದಿನಲ್ಲಿ ಗಾಜಿನ ಕಟ್ಟಡಗಳು ಅಣಬೆಯ ಹಾಗೆ ಏಳುತ್ತಿದ್ದ ಕಾಲ ಅದು. ನನ್ನ ಗಂಡ ಅಂಥದ್ದೊಂದು ಕಟ್ಟಡದೊಳಗೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ಅಂಥ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿದ್ದವರಲ್ಲಿ ಅರ್ಧ ಜನ ನಮ್ಮ ಕಲಬುರಗಿ, ಯಾದಗಿರಿ ಕಡೆಯವರು. ಅವರಲ್ಲೊಬ್ಬಳು, ಯಾದಗಿರಿ ಕಡೆಯ ಸಣ್ಣ ವಯಸ್ಸಿನ ಹೆಂಗಸು, ಹೆರಿಗೆಯಾದ ಮೇಲೆ ಮನಸ್ಸು ಕದಡಿ ನಮ್ಮ ಆಸ್ಪತ್ರೆ ಸೇರಿದ್ದಳು. ಬಾಣಂತನದಲ್ಲಿ ಕೆಲವರಿಗೆ ಹೀಗಾಗುತ್ತದೆ, ಔಷಧಿ ಕೊಟ್ಟರೆ ವಾಸಿಯೂ ಆಗುತ್ತದೆ. ಇವಳಿಗೂ ವಾಸಿಯಾಯಿತು. ಆದರೆ ಅಷ್ಟರಲ್ಲಿ ಅವಳ ಕೂಸನ್ನು ಶಿಶುಗೃಹದಲ್ಲಿ ಇಟ್ಟಿದ್ದರು. ಗಂಡ ಶಂಶಾಬಾದಿನ ಹೊಸ ವಿಮಾನ ನಿಲ್ದಾಣದ ಕೆಲಸದಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯುತ್ತಿದ್ದ, ಮೊಲೆಗೂಸನ್ನು ಅವನೇನು ನೋಡಿಕೊಂಡಾನು? ಈಗ ಮಗಳನ್ನು ವಾಪಸು ಪಡೆಯಬೇಕೆಂದರೆ ತಾಯಿಯ ಬುದ್ಧಿ ಸ್ತಿಮಿತದಲ್ಲಿದೆ ಎಂದು ಕೋರ್ಟಿಗೆ ಮನವರಿಕೆಯಾಗಬೇಕಿತ್ತು.

ಮೊದಲ ರಿಪೋರ್ಟನ್ನು ನನ್ನ ಕೈಕೆಳಗಿನ ಕಿರಿಯ ಡಾಕ್ಟರು ಬರೆದಿದ್ದ. ದಿಲ್ಲಿಯಲ್ಲಿ ಹುಟ್ಟಿ ಬೆಳೆದವನು, ಜಾಣ, ಹೊಳಪು ಬೂಟಿನವನು. ಅವನು ಬರೆದದ್ದು ಇಷ್ಟು: ‘ಗಂಡನ ಹೆಸರು ಕೇಳಿದರೆ ತಿಳಿಯದು. ಕಾರಣವಿಲ್ಲದೆ ನಗುತ್ತಾಳೆ, ಮುಖ ಮುಚ್ಚಿಕೊಳ್ಳುತ್ತಾಳೆ. ಒತ್ತಾಯಿಸಿದಾಗ ಪ್ರಾಸವಿರುವ ಅರ್ಥಹೀನ ಮಾತಾಡುತ್ತಾಳೆ.’ ಅದನ್ನು ಓದಿದ ನ್ಯಾಯಾಧೀಶರು ಕೂಸನ್ನು ಕೊಡದೆ, ಇನ್ನೊಬ್ಬ ವೈದ್ಯರ ಅಭಿಪ್ರಾಯ ತನ್ನಿ ಎಂದರು. ಕಾಗದ ನನ್ನ ಮೇಜಿಗೆ ಬಂತು.

ಓದಿ ನನಗೆ ಮೈಯೆಲ್ಲ ಉರಿಯಿತು. ಮರುಗಳಿಗೆಗೇ ನಗು ಬಂತು. ಅಯ್ಯೋ ಮಹಾರಾಯ, ಅದು ಹುಚ್ಚಲ್ಲ, ಒಡಪು! ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ನಾಲ್ಕು ಜನ ಸೇರಿ ‘ಹೆಸರು ಹೇಳು’ ಎಂದು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ, ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಅದರ ಬಾಲಕ್ಕೆ ಹೆಸರು ಸೇರಿಸಿ, ನಾಚಿಕೊಂಡು ಓಡಿಹೋಗುತ್ತಾರೆ. ತೆಲುಗರ ಮನೆಗಳಲ್ಲೂ ಇಂಥದ್ದು ಉಂಟು. ನಮ್ಮ ಹೊಳಪು ಬೂಟಿನವನಿಗೆ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳನ್ನು ಕರೆಸಿದೆ. ನಿದ್ದೆ, ಊಟ, ಔಷಧಿ, ಹಿಂದಿನದು ಮುಂದಿನದು ಎಲ್ಲ ವಿಚಾರಿಸಿದೆ. ನೇರವಾಗಿ, ಚೊಕ್ಕವಾಗಿ ಹೇಳಿದಳು. ಕೊನೆಗೆ ಮೆತ್ತಗೆ ಕೇಳಿದೆ: “ನಿಮ್ಮ ಮನಿಯವರ ಹೆಸರೇನವಾ?”

ಸೆರಗು ಬಾಯಿಗೆ ಹೋಯಿತು. “ಥೂ, ಹೋಗ್ರಿ ಅಕ್ಕಾರ! ನೀವೂ ಅದನ್ನ ಕೇಳ್ತೀರೇನು?”

“ಒಡಪು ಹಾಕಿ ಹೇಳು. ನಾನೂ ಕಲಬುರಗಿಯಾಕಿನೇ ಅದೀನಿ.”

ಕಣ್ಣರಳಿಸಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಗೋಡೆಯ ಕಡೆ ನೋಡುತ್ತ ಹೇಳಿದಳು:

“ಗಾಜಿನ ಮಾಳಗ್ಯಾಗ ಸಾಹೇಬ್ರಿಗೆ ತಣ್ಣನ ಗಾಳಿ,
ಬಿಸಲಾಗ ದುಡದು ಬಂದ್ರೂ ತರ್ತಾರ ಹೂವಿನ ಮಾಲಿ...”

ಬಾಲದಲ್ಲಿ ಗಂಡನ ಹೆಸರಿತ್ತು. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಅವಳು ನನಗೆ ಹೇಳಿದ್ದು ಎಲ್ಲರಿಗೂ ಅಲ್ಲ.

“ಈಗ ನೀವು ಹೇಳ್ರಿ,” ಎಂದಳು. ನಾನೋ, ಕಾಲೇಜಿನ ದಿನಗಳಿಂದ ಗಂಡನನ್ನು ಹೆಸರು ಹಿಡಿದೇ ಕೂಗುವವಳು. ಒಡಪು ಗಿಡಪು ಬರುವುದಿಲ್ಲ ಎಂದೆ. ಅವರು ಏನು ಕೆಲಸ ಮಾಡುತ್ತಾರೆ, ಹೆಸರೇನು ಎಂದು ವಿಚಾರಿಸಿದಳು. ಹೇಳಿದೆ. ವಾರ್ಡಿನಲ್ಲಿ ನಾನು ಆಯಾಗಳ ಮೇಲೆ ಎಗರಾಡುವುದನ್ನು ಬೇಕಾದಷ್ಟು ಸಲ ನೋಡಿದ್ದಳಲ್ಲ, ನಿಂತ ನಿಲುವಿನಲ್ಲೇ ಕಟ್ಟಿಕೊಟ್ಟಳು:

“ಕಂಪ್ಯೂಟರ್ ಮುಂದ ಹುಲಿಯಂಗ ಕುಂದರ್ತಾರ,
ಡಾಕ್ಟರ್ ಅಕ್ಕ ಸಿಟ್ಟಾದ್ರ ಬೆಕ್ಕಿನಂಗ ಮುದುಡ್ತಾರ...”

ನಾನು ಮೇಜು ಬಡಿದು ನಕ್ಕೆ. ಹೊರಗಿದ್ದ ನರ್ಸು ಏನಾಯಿತೋ ಎಂದು ಇಣುಕಿ ನೋಡಿದಳು. ನಗುತ್ತಿರುವವರಲ್ಲಿ ರೋಗಿ ಯಾರೆಂದು ಅವಳಿಗೆ ಗೊಂದಲವಾಗಿರಬೇಕು.

ನಗು ಇಳಿದ ಮೇಲೆ ಅವಳು ನನ್ನ ಮೇಜಿನ ಅಂಚು ಹಿಡಿದುಕೊಂಡಳು. “ಅಕ್ಕಾರ, ಐತ್ವಾರಕ್ಕೊಮ್ಮೆ ಹೋಗಿ ಕೂಸಿನ ಮಾರಿ ನೋಡಿ ಬರ್ತೀನ್ರಿ. ಎತ್ತಿಕೊಳ್ಳಾಕ ಭಾಳ ಹೊತ್ತು ಬಿಡಂಗಿಲ್ಲ. ಅಲ್ಲಿ ಆಕೀಗೆ ಬ್ಯಾರೇ ಹೆಸರು ಇಟ್ಟು ಕರ್ಯಾಕತ್ತಾರ. ಈ ಸಲಾನೂ ಕೊಡಲಿಲ್ಲಂದ್ರ ಆಕಿ ನನ್ನ ಮರತೇ ಬಿಡ್ತಾಳ್ರಿ.” ನಾನು ಹೊಸ ಹಾಳೆ ಎಳೆದುಕೊಂಡೆ.

ಆ ರಿಪೋರ್ಟಿಗೆ ನಾನು ಪಟ್ಟಷ್ಟು ಕಷ್ಟವನ್ನು ಪರೀಕ್ಷೆಗೂ ಪಟ್ಟಿರಲಿಲ್ಲ. ಒಡಪು ಎಂದರೇನು, ಅದನ್ನು ಕಟ್ಟಲು ಎಂಥ ನೆನಪು, ಎಂಥ ಚುರುಕು ಬೇಕು ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಹುಲಿ ಬೆಕ್ಕಿನ ಒಡಪನ್ನೂ ಅನುವಾದಿಸಿ ಸೇರಿಸಿದೆ. ನನ್ನ ಗಂಡ ಓದಿ, “ಇದು ಕೋರ್ಟಿಗೆ ಹೋಗ್ತದೇನು?” ಎಂದು ಮುದುಡಿದ. ಹೋಗೇ ಹೋಗ್ತದೆ ಎಂದೆ.

ವಿಚಾರಣೆಯ ದಿನ ಅವಳ ಗಂಡ ಬಂದಿದ್ದ, ಜೊತೆಗೆ ಗಂಡನ ಅಣ್ಣ. ಶಿಶುಗೃಹದ ಆಯಾ ಕೂಸನ್ನು ಎತ್ತಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಶಿಶುಗೃಹದ ಪರ ಲಾಯರು ಎದ್ದು, ಡಾಕ್ಟರಮ್ಮ ಕೂಡ ಅದೇ ಕಡೆಯವರು, ಪಕ್ಷಪಾತ ಇದ್ದರೂ ಇರಬಹುದು ಎಂದರು. ನನಗೆ ಪಿತ್ತ ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮೊದಲೇ ನ್ಯಾಯಾಧೀಶರು ನನ್ನ ರಿಪೋರ್ಟನ್ನು ಪಕ್ಕಕ್ಕಿಟ್ಟು, ತೆಲುಗಿನಲ್ಲಿ ಅವಳನ್ನೇ ನೇರವಾಗಿ ಕೇಳಿದರು: “ನಿನ್ನ ಗಂಡನ ಹೆಸರೇನಮ್ಮಾ?”

ಭಾವ ಎದುರಿಗೇ ನಿಂತಿದ್ದಾನೆ, ಅವನ ಮುಂದೆ ಇವಳು ತಲೆ ಎತ್ತುವುದೂ ಕಷ್ಟ. ಸುಮ್ಮನೆ ಹೇಳಿಬಿಡೇ ತಾಯಿ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡಳು. ನಕ್ಕಳು ಬೇರೆ! ಲಾಯರು ‘ನೋಡಿದಿರಾ’ ಎನ್ನುವಂತೆ ಕೈ ಚಾಚಿದರು. ಆಗ ಕೇಳಿಸಿತು:

“ಕರೇ ಕೋಟಿನವರ ಮುಂದ ಕೈ ಮುಗದು ನಿಂತೀನಿ,
ಕೂಸಿನಪ್ಪನ ಹೆಸರ ಕೇಳಿದ್ರ ನಾಚಿಕೊಂತ ಅಂತೀನಿ...”

ಹೆಸರು ಸ್ಪಷ್ಟವಾಗಿ ಬಿತ್ತು. ಅವಳ ಗಂಡ ಕಿವಿಯವರೆಗೂ ಕೆಂಪಾದ. ನಾನು ಅನುವಾದಿಸುತ್ತಿರುವಾಗ ನ್ಯಾಯಾಧೀಶರ ಮೀಸೆ ಅಲುಗಿತು. ತಮ್ಮ ಅಜ್ಜಿ ರೇಷನ್ ಕಾರ್ಡಿಗೂ ಅಜ್ಜನ ಹೆಸರು ಹೇಳಿರಲಿಲ್ಲ ಎಂದರು. ಕೋರ್ಟೇ ನಕ್ಕಿತು. ಆಮೇಲೆ ಅವರು ಗಂಭೀರವಾಗಿ ಕೇಳಿದರು: “ಮಗುವಿನ ಹೆಸರು?”

ಅದಕ್ಕೆ ಅವಳಿಗೆ ಒಡಪು ಬೇಕಾಗಲಿಲ್ಲ. ನ್ಯಾಯಾಧೀಶರಿಗೆ ಉತ್ತರವನ್ನೂ ಕೊಡಲಿಲ್ಲ. ಬಾಗಿಲ ಕಡೆ ತಿರುಗಿ, ತಾನಿಟ್ಟ ಹೆಸರು ಹಿಡಿದು, ಹೊಲದ ಆ ಬದಿಗೆ ಕೇಳುವಷ್ಟು ಜೋರಾಗಿ ಮಗಳನ್ನು ಕರೆದಳು. ಆಯಾಳ ಭುಜದ ಮೇಲೆ ತೂಕಡಿಸುತ್ತಿದ್ದ ಕೂಸು ತಟ್ಟನೆ ತಲೆ ಎತ್ತಿತು. ಅತ್ತ ಇತ್ತ ಹುಡುಕಿ, ತಾಯಿಯನ್ನು ಕಂಡದ್ದೇ ಎರಡೂ ಕೈ ಚಾಚಿ ಧುಮುಕಿತು, ಆಯಾ ಹಿಡಿದುಕೊಳ್ಳದಿದ್ದರೆ ಬಿದ್ದೇ ಹೋಗುತ್ತಿತ್ತು. ನ್ಯಾಯಾಧೀಶರು “ಕೊಡಮ್ಮಾ, ಕೊಡು” ಎಂದರು.

ಆದೇಶಕ್ಕೆ ತಾಯಿಯ ಹೆಬ್ಬೆಟ್ಟು ಬೇಕಿತ್ತು. ಒಂದು ನಿಮಿಷ ಎತ್ತಿಕೊಳ್ಳುತ್ತೇನೆಂದು ನಾನು ಕೈ ಚಾಚಿದೆ. ಕೂಸು ಕಿಟಾರನೆ ಕಿರುಚಿ ತಾಯಿಯ ಕುಪ್ಪಸವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಅವಳು ಅಳುತ್ತ ನಗುತ್ತ ಕೋರ್ಟಿಗೆಲ್ಲ ಕೇಳುವಂತೆ ಕೂಗಿದಳು: “ಬಿಡವಲ್ಲಳ್ರೀ ಅಕ್ಕಾರ, ನನ್ನ ಬಿಡವಲ್ಲಳು!”